ಟೆಲಿನಾರ್ ಮ್ಯಾನ್ಮಾರ್ ಸಿಮ್: ನೆಟ್‌ವರ್ಕ್‌ಗೆ ನಾಲ್ಕೂವರೆ, ಬಿಟ್ಟು ಹೋದ ರೀತಿಗೆ ಒಂದು

ಇದು ಈಗ ಎಲ್ಲೂ ಸಿಗದ ಸಿಮ್‌ನ ರಿವ್ಯೂ. ಅಂಗಡಿಯಲ್ಲೇ ಇಲ್ಲದ ಸಾಮಾನಿಗೆ ಯಾಕಪ್ಪಾ ರಿವ್ಯೂ ಅಂತ ಕೇಳಬಹುದು. ಆದರೆ ದುಡ್ಡು ಕೊಟ್ಟು ಬಳಸಿದ ಬೇರೆ ಯಾವುದರ ಬಗ್ಗೆಯೂ ನಾನು ಇಷ್ಟು ತಲೆ ಕೆಡಿಸಿಕೊಂಡಿಲ್ಲ. ಮ್ಯಾನ್ಮಾರ್‌ನ ಟೆಲಿನಾರ್, ಪ್ರೀಪೇಯ್ಡ್, 2015ರಿಂದ 2021ರವರೆಗೆ. ಬೆಲೆಗೆ ಐದಕ್ಕೆ ಐದು ಕೊಡುತ್ತೇನೆ. ನೆಟ್‌ವರ್ಕ್‌ಗೆ ನಾಲ್ಕೂವರೆ. ಅಂಗಡಿ ಕಟ್ಟಿಕೊಂಡು ಹೋದ ರೀತಿಗೆ ಒಂದು. ಆ ಒಂದಾದರೂ ಯಾಕೆ ಅಂತ ಕೆಳಗೆ ಬರುತ್ತದೆ.

ನಾನು ಗಾರ್ಮೆಂಟ್ಸ್ ಮನುಷ್ಯ. ಪೀಣ್ಯದಲ್ಲಿ ಚೆಕ್ಕಿಂಗ್ ಟೇಬಲ್‌ನಿಂದ ಶುರು ಮಾಡಿದವನು. ಅಲ್ಲಿಂದ ಯಾಂಗೂನ್‌ನ ಹ್ಲೈಂಗ್ ಥಾಯಾ ಅನ್ನುವ ಫ್ಯಾಕ್ಟರಿ ಏರಿಯಾಕ್ಕೆ ಕ್ವಾಲಿಟಿ ಮ್ಯಾನೇಜರ್ ಆಗಿ ಹೋದೆ. 2013ರಲ್ಲಿ ಯುರೋಪಿಯನ್ ಯೂನಿಯನ್ ಮ್ಯಾನ್ಮಾರ್‌ಗೆ ಸುಂಕದ ರಿಯಾಯಿತಿ ವಾಪಸ್ ಕೊಟ್ಟಿತ್ತು. ಆರ್ಡರ್‌ಗಳು ಮಳೆ ಹಾಗೆ ಸುರಿಯುತ್ತಿದ್ದವು. ನಾನು ಹೋದ ವರ್ಷ ಅಲ್ಲಿ ಕನಿಷ್ಠ ಕೂಲಿ ಅಂತ ಮೊದಲ ಸಲ ನಿಗದಿ ಮಾಡಿದ್ದು ದಿನಕ್ಕೆ 3,600 ಚಾಟ್. ಇಂಗ್ಲಿಷ್‌ನಲ್ಲಿ ಕ್ಯಾಟ್ ಅನ್ನೋ ಹಾಗೆ ಬರೆಯುತ್ತಾರೆ, ಬಾಯಲ್ಲಿ ಮಾತ್ರ ಚಾಟ್. ಮೊದಲ ತಿಂಗಳು ಸಂಬಳದ ಮಾತು ಬಂದಾಗಲೆಲ್ಲ ನನಗೆ ಪಾನಿಪುರಿ ನೆನಪಾಗುತ್ತಿತ್ತು.

ಸಿಮ್ ತಗೊಂಡಿದ್ದು ಫ್ಯಾಕ್ಟರಿ ಗೇಟಿನ ಎದುರಿನ ಎಲೆ ಅಡಿಕೆ ಅಂಗಡಿಯಲ್ಲಿ. ಅಲ್ಲಿ ಎಲೆಗೆ ಸುಣ್ಣ ಹಚ್ಚುವ ಕೈಯಲ್ಲೇ ಸಿಮ್, ರೀಚಾರ್ಜ್ ಕಾರ್ಡ್ ಎಲ್ಲ ಮಾರುತ್ತಾರೆ. ಪಾಸ್‌ಪೋರ್ಟ್ ತೋರಿಸಿದೆ, ಒಂದು ಫೋಟೋ ಹೊಡೆದುಕೊಂಡ, 1,500 ಚಾಟ್ ಕೊಟ್ಟೆ, ಮುಗೀತು. ನಮ್ಮ ದುಡ್ಡಲ್ಲಿ ನೂರು ರೂಪಾಯಿಯ ಒಳಗೇ. ನನಗೆ ಅದು ದೊಡ್ಡ ವಿಷಯ ಅನಿಸಲಿಲ್ಲ. ಜೊತೆಗೆ ಬಂದಿದ್ದ ನಮ್ಮ ಲೈನ್ ಸೂಪರ್‌ವೈಸರ್ ಹೆಂಗಸು ಮಾತ್ರ ನಕ್ಕುಬಿಟ್ಟರು. ಅವರನ್ನು ಎಲ್ಲರೂ 'ಅಮ' ಅಂತ ಕರೆಯುತ್ತಿದ್ದರು. ಅಲ್ಲಿ ಅಮ ಅಂದರೆ ಅಕ್ಕ. ಅವರು ನನ್ನನ್ನು 'ಸಯಾ' ಅನ್ನುತ್ತಿದ್ದರು, ಮೇಷ್ಟ್ರೇ ಅನ್ನೋ ಹಾಗೆ. ಸೇನೆಯವರ ಕಾಲದಲ್ಲಿ ಒಂದು ಸಿಮ್‌ಗೆ ಸಾವಿರಾರು ಡಾಲರ್ ಇತ್ತು ಸಯಾ, ಅದರಲ್ಲಿ ನಮ್ಮೂರಲ್ಲಿ ಗದ್ದೆ ಬರುತ್ತಿತ್ತು ಅಂದರು. ತಮಾಷೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ನಿಜ. 2012ರ ಹೊತ್ತಿಗೂ ಆ ದೇಶದಲ್ಲಿ ಹತ್ತು ಜನಕ್ಕೆ ಒಂದು ಮೊಬೈಲ್ ಇರಲಿಲ್ಲ.

ಅದನ್ನು ಬದಲಾಯಿಸಿದ್ದು ಎರಡು ಹೊರಗಿನ ಕಂಪನಿಗಳು. ಒಂದು ಕತಾರ್‌ನ ಊರಿಡೂ. ಇನ್ನೊಂದು ನಾರ್ವೆಯ ಟೆಲಿನಾರ್. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ನಾರ್ವೆ ಸರ್ಕಾರದ್ದೇ, ಈ ಮಾತು ನೆನಪಿಟ್ಟುಕೊಳ್ಳಿ. 2013ರಲ್ಲಿ ಟೆಂಡರ್ ಗೆದ್ದರು. 2014ರ ಸೆಪ್ಟೆಂಬರ್‌ನಲ್ಲಿ ಮೊದಲು ಮಂಡಾಲೆಯಲ್ಲಿ ಶುರು ಮಾಡಿದರು (ಹೌದು, ತಿಲಕರನ್ನು ಜೈಲಿಗೆ ಹಾಕಿದ್ದ ಅದೇ ಮಂಡಾಲೆ), ಅಕ್ಟೋಬರ್‌ನಲ್ಲಿ ಯಾಂಗೂನ್‌ಗೆ ಬಂದರು. ಬಿಟ್ಟು ಹೋಗುವ ಹೊತ್ತಿಗೆ ಸುಮಾರು 1.8 ಕೋಟಿ ಗ್ರಾಹಕರಿದ್ದರು. ದೇಶದ ಜನಸಂಖ್ಯೆಯೇ ಐದೂವರೆ ಕೋಟಿಯ ಆಸುಪಾಸು.

ಸರ್ವಿಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಚೆನ್ನಾಗಿತ್ತು. ನಮ್ಮ ಶೆಡ್ಡಿನ ಒಳಗೆ, ಪ್ರೆಸ್ಸಿಂಗ್ ಮೆಷಿನ್ ಪಕ್ಕದಲ್ಲಿ ನಿಂತರೂ ಸಿಗ್ನಲ್ ಬರುತ್ತಿತ್ತು. ಭಾನುವಾರ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದರೆ ಮುಖ ಒಡೆಯದೆ ಕಾಣುತ್ತಿತ್ತು. ಗೀಚುವ ಕಾರ್ಡು, ನೀಲಿ ಬಣ್ಣದ ಬೋರ್ಡು, ಎಲ್ಲಿ ನೋಡಿದರೂ ಇರುತ್ತಿತ್ತು. ಅಲ್ಲಿನವರು ರೀಚಾರ್ಜ್‌ಗೆ 'ಫೋನ್ ಬಿಲ್' ಅನ್ನುತ್ತಾರೆ. ಮುಂಗಡ ಹಾಕಿಸಿದರೂ ಬಿಲ್ಲೇ. ಅದೊಂದು ನನಗೆ ಕೊನೆಯವರೆಗೂ ಅರ್ಥವಾಗಲಿಲ್ಲ.

ಆದರೆ ಈ ಸಿಮ್ ಏನು ಮಾಡಿತು ಅನ್ನೋದು ನನ್ನ ವಿಡಿಯೋ ಕಾಲ್‌ನಿಂದ ಗೊತ್ತಾಗಲ್ಲ. ಅಮ ಇರಾವತಿ ನದಿ ಸಮುದ್ರ ಸೇರುವ ಕಡೆಯವರು. 2008ರ ಮೇ ತಿಂಗಳಲ್ಲಿ ನರ್ಗಿಸ್ ಚಂಡಮಾರುತ ಬಂದು ಆ ಭಾಗದಲ್ಲಿ ಒಂದು ಲಕ್ಷದ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಹೋದರು. ಹೊರಗಿನ ನೆರವನ್ನು ಒಳಗೆ ಬಿಡೋದಕ್ಕೂ ಆಗಿನ ಸೇನಾ ಸರ್ಕಾರ ದಿನಗಟ್ಟಲೆ ಮೀನಮೇಷ ಎಣಿಸಿತು. ಊರು ಬಿಟ್ಟು ಬಂದವರಲ್ಲಿ ಎಷ್ಟೋ ಜನ ಸೇರಿದ್ದು ಇದೇ ಹ್ಲೈಂಗ್ ಥಾಯಾದಲ್ಲಿ, ಹೊಲಿಗೆ ಮೆಷಿನ್ ಮುಂದೆ. ಅಮ ಪ್ರತಿ ಸಂಜೆ ಆರಕ್ಕೆ ಊರಿನ ತಾಯಿಗೆ ಫೋನ್ ಮಾಡುತ್ತಿದ್ದರು. ಮಾತೇನೂ ಇರುತ್ತಿರಲಿಲ್ಲ. ಗಾಳಿ ಹೇಗಿದೆ, ನೀರು ಎಷ್ಟು ಬಂದಿದೆ, ಅಷ್ಟೇ. ಅಂಥ ಸರ್ಕಾರ ಇರುವ ದೇಶಕ್ಕೆ ದೊಡ್ಡ ಕಂಪನಿಗಳು ಹೋಗಲೇಬಾರದು ಅಂತ ಯಾರಾದರೂ ವಾದ ಮಾಡಿದರೆ ನನಗೆ ಆ ಆರು ಗಂಟೆಯ ಫೋನ್ ನೆನಪಾಗುತ್ತದೆ, ವಾದ ನನ್ನ ಬಾಯಿಂದ ಹೊರಡುವುದಿಲ್ಲ. ಹೋಗಿದ್ದಕ್ಕೆ ನಾನು ಒಂದು ಸ್ಟಾರನ್ನೂ ಕಿತ್ತುಕೊಂಡಿಲ್ಲ.

(ಅದೇ ಅಗ್ಗದ ಸಿಮ್‌ನಲ್ಲಿ ಫೇಸ್‌ಬುಕ್ಕೂ ಬಂತು, ಅದರ ಜೊತೆ ರೋಹಿಂಗ್ಯಾ ಜನರ ಮೇಲೆ ವಿಷವೂ ಹರಿಯಿತು. ಸಾಕಷ್ಟು ತಡೆಯಲಿಲ್ಲ ಅಂತ 2018ರಲ್ಲಿ ಫೇಸ್‌ಬುಕ್ಕೇ ಒಪ್ಪಿಕೊಂಡಿತು. ಅದು ಬೇರೆಯೇ ರಿವ್ಯೂ, ಸ್ಟಾರ್ ಕೊಡೋಕೂ ಕೈ ಬರಲ್ಲ.)

ಒಂದು ಒಳ್ಳೆಯ ಮಾತನ್ನೂ ಇಲ್ಲೇ ಹೇಳಿಬಿಡಬೇಕು. 2019ರ ಜೂನ್‌ನಲ್ಲಿ ರಖೈನ್ ಮತ್ತು ಚಿನ್ ರಾಜ್ಯಗಳ ಒಂಬತ್ತು ತಾಲ್ಲೂಕುಗಳಲ್ಲಿ ಮೊಬೈಲ್ ಇಂಟರ್ನೆಟ್ ನಿಲ್ಲಿಸಿ ಅಂತ ಆದೇಶ ಬಂತು. ಆಗ ಇದ್ದದ್ದು ಆಂಗ್ ಸಾನ್ ಸೂಕಿ ಅವರ ಚುನಾಯಿತ ಸರ್ಕಾರ ಅನ್ನೋದನ್ನೂ ಮರೆಯಬೇಡಿ. ಟೆಲಿನಾರ್ ನಿಲ್ಲಿಸಿತು. ಆದರೆ ಸುಮ್ನೆ ನಿಲ್ಲಿಸಲಿಲ್ಲ. ಹೀಗೆ ಆದೇಶ ಬಂದಿದೆ, ಇಂಥ ಇಲಾಖೆಯಿಂದ ಬಂದಿದೆ ಅಂತ ಬಹಿರಂಗವಾಗಿ ಹೇಳಿತು. 'ತಾಂತ್ರಿಕ ತೊಂದರೆ' ಅಂತ ಒಂದು ಮೆಸೇಜ್ ಹಾಕಿ ಕೈ ತೊಳೆದುಕೊಳ್ಳೋದು ಎಷ್ಟು ಸುಲಭ ಅಲ್ವಾ?

ಈಗ 2021. ಫೆಬ್ರವರಿ 1, ಸೋಮವಾರ. ಬೆಳಗ್ಗೆ ಎದ್ದರೆ ಫೋನ್ ಸತ್ತಿತ್ತು. ಮೊದಲು ನನ್ನ ಹ್ಯಾಂಡ್‌ಸೆಟ್ ಕೆಟ್ಟಿದೆ ಅಂದುಕೊಂಡು ಎರಡು ಸಲ ಆಫ್ ಮಾಡಿ ಆನ್ ಮಾಡಿದೆ. ಕೆಳಗಿನ ಟೀ ಅಂಗಡಿಗೆ ಹೋದರೆ ಎಲ್ಲರೂ ಅದನ್ನೇ ಮಾಡುತ್ತಿದ್ದರು. ಸೇನೆ ರಾತ್ರೋರಾತ್ರಿ ಸರ್ಕಾರ ಕಿತ್ತುಕೊಂಡಿತ್ತು. ಮರುದಿನದಿಂದ ರಾತ್ರಿ ಎಂಟಕ್ಕೆ ಊರಿಗೆ ಊರೇ ಪಾತ್ರೆ ಬಡಿಯೋದು ಶುರುವಾಯಿತು, ದೆವ್ವ ಓಡಿಸೋಕೆ ಹಾಗೆ ಮಾಡುತ್ತಾರಂತೆ. ನಾನೂ ನನ್ನ ಅನ್ನದ ತಪ್ಪಲೆ ಬಡಿದೆ. ನಾಲ್ಕನೇ ತಾರೀಕು ಫೇಸ್‌ಬುಕ್ ಹೋಯಿತು, ಮರುದಿನ ಟ್ವಿಟರ್, ಇನ್‌ಸ್ಟಾಗ್ರಾಂ. ಆ ವಾರದ ಕೊನೆಗೆ ಇಂಟರ್ನೆಟ್ಟೇ ಪೂರ್ತಿ ಹೋಗಿ, ಮತ್ತೆ ಬಂದು, ತಿಂಗಳ ಮಧ್ಯದಿಂದ ಪ್ರತಿ ರಾತ್ರಿ ಒಂದರಿಂದ ಬೆಳಗ್ಗೆ ಒಂಬತ್ತರವರೆಗೆ ಕಟ್. ಜನರನ್ನು ಮನೆಯಿಂದ ಎತ್ತಿಕೊಂಡು ಹೋಗುತ್ತಿದ್ದದ್ದೂ ಹೆಚ್ಚಾಗಿ ರಾತ್ರಿಯೇ.

ನಾನು ಕೊಟ್ಟ ಆ ಒಂದು ಸ್ಟಾರ್ ಈ ಫೆಬ್ರವರಿಯ ಎರಡು ವಾರಕ್ಕೆ. ಯಾವ ದಿನ ಯಾವ ಆದೇಶ ಬಂತು ಅಂತ ಟೆಲಿನಾರ್ ತನ್ನ ವೆಬ್‌ಸೈಟ್‌ನಲ್ಲಿ ಪಟ್ಟಿ ಹಾಕುತ್ತಿತ್ತು. ಇಂದು ಇದನ್ನು ಬ್ಲಾಕ್ ಮಾಡಲು ಹೇಳಿದ್ದಾರೆ, ನಾವು ಒಪ್ಪುವುದಿಲ್ಲ, ಆದರೆ ಮಾಡುತ್ತಿದ್ದೇವೆ, ಈ ಧಾಟಿಯಲ್ಲಿ. ನಮ್ಮ ಆಫೀಸಿನ ಹುಡುಗರು ಇಂಟರ್ನೆಟ್ ಬಂದ ಕೂಡಲೇ ಮೊದಲು ಅದನ್ನು ಓದುತ್ತಿದ್ದರು. ಫೆಬ್ರವರಿ 14ರಂದು ಅದೂ ನಿಂತಿತು. ಇನ್ನು ಮುಂದೆ ಆದೇಶಗಳನ್ನು ಪ್ರಕಟಿಸಲು ಸಾಧ್ಯವಿಲ್ಲ ಅಂತ ಹೇಳಿ ಸುಮ್ಮನಾದರು.

ಮಾರ್ಚ್ 14ರಂದು ನಮ್ಮ ಏರಿಯಾದಲ್ಲೇ ಗುಂಡು ಹಾರಿತು. ಫ್ಯಾಕ್ಟರಿಗಳಿಗೆ ಬೆಂಕಿ ಬಿತ್ತು, ಹತ್ತಾರು ಜನ ಸತ್ತರು, ಹ್ಲೈಂಗ್ ಥಾಯಾಕ್ಕೆ ಮಾರ್ಷಲ್ ಲಾ ಬಂತು. ಮರುದಿನದಿಂದ ದೇಶಪೂರ್ತಿ ಮೊಬೈಲ್ ಡೇಟಾ ಬಂದ್. ಆ ದಿನಗಳ ಬಗ್ಗೆ ಇನ್ನೂ ಬರೆಯಲು ನನಗೆ ಆಗಲ್ಲ, ಬಿಟ್ಟುಬಿಡಿ. ವಿಶೇಷ ವಿಮಾನ ಸಿಕ್ಕಾಗ ಹೊರಟೆ. ನನ್ನ ಹತ್ತಿರ ಪಾಸ್‌ಪೋರ್ಟ್ ಇತ್ತು. ಅಮನ ಹತ್ತಿರ ಇರಲಿಲ್ಲ.

ಜುಲೈ 8, 2021. ನಾನು ಬೆಂಗಳೂರಲ್ಲಿ. ಟೆಲಿನಾರ್ ತನ್ನ ಮ್ಯಾನ್ಮಾರ್ ಬಿಸಿನೆಸ್ಸನ್ನು ಲೆಬನಾನ್‌ನ ಎಂ1 ಗ್ರೂಪ್‌ಗೆ 10.5 ಕೋಟಿ ಡಾಲರ್‌ಗೆ ಮಾರುತ್ತಿದೆ ಅಂತ ಸುದ್ದಿ. ಎಂ1 ಅಂದರೆ ಮಿಕಾತಿ ಕುಟುಂಬದ್ದು, ಆ ಮನೆಯ ನಜೀಬ್ ಮಿಕಾತಿ ಕೆಲವೇ ವಾರಗಳಲ್ಲಿ ಲೆಬನಾನ್‌ನ ಪ್ರಧಾನಿಯಾದರು. ಅದಕ್ಕೂ ಸೇನೆ ಒಪ್ಪಲಿಲ್ಲ. 2022ರ ಮಾರ್ಚ್‌ನಲ್ಲಿ ವ್ಯವಹಾರ ಮುಗಿದಾಗ 80 ಶೇಕಡಾ ಪಾಲು ಶ್ವೆ ಬೈನ್ ಫ್ಯೂ ಅನ್ನುವ ಅಲ್ಲಿನದೇ ಕಂಪನಿಯ ಕೈಗೆ ಹೋಗಿತ್ತು. ಪೆಟ್ರೋಲ್ ಬಂಕ್ ವ್ಯವಹಾರದವರು, ಸೇನೆಗೆ ಹತ್ತಿರದವರು ಅಂತ ವರದಿಗಳು ಬಂದವು. ಕೆಲವೇ ತಿಂಗಳಲ್ಲಿ ಹೆಸರು 'ಆಟಮ್' ಆಯಿತು. ನಂಬರ್ ಅದೇ, ಟವರ್ ಅದೇ.

ಕಂಪನಿ ಮಾತ್ರ ಮಾರಿದ್ದರೆ ನನಗೇನು. ಟವರ್, ಕೇಬಲ್, ನೀಲಿ ಬೋರ್ಡು, ಏನು ಬೇಕಾದರೂ ಮಾರಿಕೊಳ್ಳಲಿ. ಆದರೆ ಅದರ ಜೊತೆ 1.8 ಕೋಟಿ ಜನರ ಕಾಲ್ ದಾಖಲೆಯೂ ಹೋಯಿತು. ಯಾರು ಯಾರಿಗೆ ಫೋನ್ ಮಾಡಿದರು, ಎಷ್ಟು ಹೊತ್ತಿಗೆ, ಯಾವ ಟವರ್ ಪಕ್ಕ ನಿಂತು, ಯಾವ ಗುರುತಿನ ಚೀಟಿ ಕೊಟ್ಟು ಸಿಮ್ ತಗೊಂಡರು, ಅದೆಲ್ಲ. ಫೆಬ್ರವರಿಯಲ್ಲಿ ಬೀದಿಗಿಳಿದವರ ಎಲ್ಲರ ಹೆಜ್ಜೆಗುರುತು ಅದರಲ್ಲಿದೆ. ಅಮ ದಿನಾ ಆರಕ್ಕೆ ತಾಯಿಗೆ ಮಾಡುತ್ತಿದ್ದ ಫೋನೂ ಅದರಲ್ಲಿದೆ. ಯಾರನ್ನಾದರೂ ಹಿಡಿಯಬೇಕಾದರೆ ಅವರ ತಾಯಿ ಎಲ್ಲಿದ್ದಾರೆ ಅಂತ ಗೊತ್ತಿದ್ದರೆ ಸಾಕಲ್ವಾ? ಈ ಕಾರಣಕ್ಕೇ ಮ್ಯಾನ್ಮಾರ್‌ನ 474 ಸಂಘ ಸಂಸ್ಥೆಗಳು ಅದೇ ಜುಲೈನಲ್ಲಿ ನಾರ್ವೆಗೆ ದೂರು ಕೊಟ್ಟವು. 2022ರ ಫೆಬ್ರವರಿಯಲ್ಲಿ ಅಲ್ಲಿನ ಒಬ್ಬ ಗ್ರಾಹಕರ ಪರವಾಗಿ ನಾರ್ವೆಯ ಡೇಟಾ ರಕ್ಷಣೆಯ ಇಲಾಖೆಗೂ ದೂರು ಹೋಯಿತು. ಮಾರಾಟ ನಿಲ್ಲಲಿಲ್ಲ.

ಟೆಲಿನಾರ್ ಕಡೆಯ ಮಾತನ್ನೂ ನ್ಯಾಯವಾಗಿ ಹೇಳಬೇಕು. ಫೋನ್ ಕದ್ದು ಕೇಳುವ ಉಪಕರಣವನ್ನು ಚಾಲೂ ಮಾಡಿ ಅಂತ ಸೇನೆ ಒತ್ತಡ ಹಾಕಿತು. ಮಾಡಿದರೆ ನಾರ್ವೆ, ಯುರೋಪಿನ ನಿರ್ಬಂಧ ಮುರಿದ ಹಾಗೆ. ಮಾಡದಿದ್ದರೆ ಅಲ್ಲಿನ ಸಿಬ್ಬಂದಿಯ ಗತಿ? ಟೆಲಿಕಾಂ ಕಂಪನಿಗಳ ದೊಡ್ಡ ಅಧಿಕಾರಿಗಳು ಅನುಮತಿ ಇಲ್ಲದೆ ದೇಶ ಬಿಡುವ ಹಾಗಿಲ್ಲ ಅಂತ ಆಗಲೇ ಆದೇಶ ಬಂದಿತ್ತು. ಸ್ವಿಚ್ ಆಫ್ ಮಾಡಿ, ಡಿಸ್ಕ್ ಅಳಿಸಿ ಎದ್ದು ಬಂದಿದ್ದರೆ ಮರುದಿನ ಜೈಲಿಗೆ ಹೋಗುತ್ತಿದ್ದದ್ದು ಓಸ್ಲೋದ ಸಾಹೇಬರಲ್ಲ, ಯಾಂಗೂನ್‌ನ ಎಂಜಿನಿಯರ್ ಹುಡುಗ. ದುಡ್ಡಿನ ಆಸೆಗೆ ಮಾರಿದರು ಅಂತಲೂ ಹೇಳೋಕಾಗಲ್ಲ. 2021ರ ಮೇ ತಿಂಗಳಲ್ಲೇ 650 ಕೋಟಿ ಕ್ರೋನರ್ ನಷ್ಟ ಅಂತ ಬರೆದುಕೊಂಡಿದ್ದರು.

ಇದೆಲ್ಲ ಒಪ್ಪುತ್ತೇನೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಇದು 2021ರಲ್ಲಿ ಆಕಾಶದಿಂದ ಬಿದ್ದ ಕಷ್ಟವಾ? ಟೆಲಿನಾರ್ ಒಳಗೆ ಬಂದಾಗಲೇ 2008ರ ಸಂವಿಧಾನ ಜಾರಿಯಲ್ಲಿತ್ತು. ಸಂಸತ್ತಿನ ಕಾಲು ಭಾಗ ಸೀಟು ಸೇನೆಗೆ ಮೀಸಲು. ರಕ್ಷಣೆ, ಗೃಹ, ಗಡಿ ಮೂರೂ ಖಾತೆ ಸೇನಾಪತಿಯ ಕೈಯಲ್ಲಿ. ಪೊಲೀಸರು ಯಾರ ಮಾತು ಕೇಳುತ್ತಾರೆ ಅಂತ ಎಲೆ ಅಡಿಕೆ ಅಂಗಡಿಯವನಿಗೂ ಗೊತ್ತಿತ್ತು. ಹೋಗುವ ಮೊದಲು ಮಾನವ ಹಕ್ಕುಗಳ ಬಗ್ಗೆ ಅಧ್ಯಯನ ಮಾಡಿಸಿದ್ದೇವೆ ಅಂತ ಕಂಪನಿಯೇ ಹೇಳಿಕೊಂಡಿತ್ತು. ಹಾಗಾದರೆ ಒಂದು ದಿನ ಓಡಿಹೋಗಬೇಕಾದರೆ ಈ ದಾಖಲೆಗಳನ್ನು ಏನು ಮಾಡೋದು ಅಂತ ಮೊದಲ ದಿನವೇ ಕೂತು ಬರೆಯಬೇಕಿತ್ತು. ಎಷ್ಟು ಕಮ್ಮಿ ಇಟ್ಟುಕೊಳ್ಳಬಹುದು, ಎಲ್ಲಿ ಇಡಬಹುದು, ಲೈಸೆನ್ಸ್ ಮಾತುಕತೆಯಲ್ಲಿ ಏನು ಕೇಳಬಹುದು ಅಂತ. ಆಗ ಅವರ ಮಾತಿಗೆ ಬೆಲೆ ಇತ್ತು. ಸರ್ಕಾರಕ್ಕೆ ಅವರು ಬೇಕಾಗಿದ್ದರು. ನಾವು ಬಾಡಿಗೆ ಮನೆ ಖಾಲಿ ಮಾಡುವಾಗ ಪಕ್ಕದ ಮನೆಯವರು ನಂಬಿ ಇಟ್ಟಿದ್ದ ಪೆಟ್ಟಿಗೆಯನ್ನು ಅವರಿಗೇ ವಾಪಸ್ ಕೊಟ್ಟು ಹೋಗುತ್ತೇವೆ. ಮನೆ ಓನರ್ ಹತ್ತಿರ ಬಿಟ್ಟು ಹೋಗಲ್ಲ. ಓನರ್ ಎಂಥವನು ಅಂತ ಗೊತ್ತಿದ್ದರಂತೂ ಮೊದಲೇ ಪೆಟ್ಟಿಗೆ ಇಟ್ಟುಕೊಳ್ಳಲ್ಲ.

ನಮ್ಮ ಕಡೆ ಇದೇ ಕಂಪನಿ ಬಂದು ಹೋಗಿದ್ದು ಎಷ್ಟು ಜನಕ್ಕೆ ನೆನಪಿದೆ? ಯುನಿನಾರ್. 2009ರ ಕೊನೆಗೆ ಕರ್ನಾಟಕಕ್ಕೂ ಬಂತು. 2012ರಲ್ಲಿ ಸುಪ್ರೀಂ ಕೋರ್ಟ್ 2ಜಿ ಹಗರಣದಲ್ಲಿ 122 ಲೈಸೆನ್ಸ್ ರದ್ದು ಮಾಡಿದ ಮೇಲೆ ಇಲ್ಲಿಂದ ಅಂಗಡಿ ಮುಚ್ಚಿತು. ನನ್ನ ತಮ್ಮನ ಹತ್ತಿರ ಯುನಿನಾರ್ ನಂಬರ್ ಇತ್ತು. ಅವನು ಒಂದು ಎಸ್ಸೆಮ್ಮೆಸ್ ಕಳಿಸಿ ನಂಬರ್ ಪೋರ್ಟ್ ಮಾಡಿಸಿಕೊಂಡ, ಮರೆತ. ಕೋರ್ಟು ಇತ್ತು, ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಟ್ರಾಯ್ ಇತ್ತು, ಬೈಯೋಕೆ ಪೇಪರ್ ಇತ್ತು. ಒಂದೇ ಕಂಪನಿ, ಎರಡು ದೇಶ ಬಿಟ್ಟು ಹೋಯಿತು. ಒಂದು ಕಡೆ ಗ್ರಾಹಕನಿಗೆ ಹೋಗಿದ್ದು ಒಂದು ಬೆಳಗ್ಗೆ. ಇನ್ನೊಂದು ಕಡೆ ಏನು ಹೋಗಬಹುದು ಅಂತ ಅಮ ಈಗಲೂ ಲೆಕ್ಕ ಹಾಕುತ್ತಿದ್ದಾರೆ.

ಟೆಲಿನಾರ್ ಒಂದನ್ನೇ ಹಿಡಿದು ಬೈಯುವುದೂ ಸರಿಯಲ್ಲ. ಯಾದಾನಾ ಅನಿಲದ ಪೈಪ್‌ಲೈನ್ ಹಾಕುವಾಗ ಸೇನೆ ಹಳ್ಳಿಯವರಿಂದ ಬಿಟ್ಟಿ ಚಾಕರಿ ಮಾಡಿಸಿತು ಅಂತ ಅಮೆರಿಕದ ಯುನೊಕಾಲ್ ಕಂಪನಿಯ ಮೇಲೆ 1996ರಲ್ಲೇ ಹಳ್ಳಿಗರು ಅಮೆರಿಕದ ಕೋರ್ಟಿಗೆ ಹೋಗಿದ್ದರು, 2005ರಲ್ಲಿ ರಾಜಿಯಲ್ಲಿ ಮುಗಿಯಿತು. ಅದೇ ಯೋಜನೆಯನ್ನು ನಡೆಸುತ್ತಿದ್ದ ಫ್ರಾನ್ಸಿನ ಟೋಟಲ್ ಹೊರಡುತ್ತೇವೆ ಅಂದಿದ್ದು 2022ರ ಜನವರಿಯಲ್ಲಿ, ಸೇನಾ ದಂಗೆ ಆಗಿ ಹೆಚ್ಚುಕಮ್ಮಿ ಒಂದು ವರ್ಷ ಆದಾಗ. ನಮ್ಮ ಅದಾನಿ ಪೋರ್ಟ್ಸ್ ಯಾಂಗೂನ್ ಬಂದರಿನ ಜಾಗವನ್ನು ಗುತ್ತಿಗೆಗೆ ಹಿಡಿದಿದ್ದೇ ಸೇನೆಯ ಕಂಪನಿಯಿಂದ, ಆಮೇಲೆ 2023ರಲ್ಲಿ 3 ಕೋಟಿ ಡಾಲರ್‌ಗೆ ಮಾರಿ ಕೈ ಬಿಟ್ಟಿತು. ಟೆಲಿನಾರ್ ಒಂದು ರೀತಿಯಲ್ಲಿ ಇವರೆಲ್ಲರಿಗಿಂತ ಜಾಸ್ತಿ ಮಾತಾಡಿದ ಕಂಪನಿ. ಅದಕ್ಕೇ ಅದರ ಮೇಲೆ ಸಿಟ್ಟೂ ಜಾಸ್ತಿ. ಏನೂ ಭರವಸೆ ಕೊಡದವನ ಹತ್ತಿರ ನಾವು ಏನು ಕೇಳುತ್ತೇವೆ?

ಇನ್ನು ನನ್ನ ಬುಡ. ನಾನೂ ಅದೇ ದೇಶದಲ್ಲಿ ಹೂಡಿದ ದುಡ್ಡಿನಿಂದಲೇ ಸಂಬಳ ತಗೊಂಡವನು. ಕೂಲಿ 2018ರಲ್ಲಿ 4,800 ಚಾಟ್ ಆಯಿತು, ಎಂಟು ಗಂಟೆಗೆ. ನಾವು ಅಲ್ಲಿಗೆ ಹೋಗಿದ್ದೇ ಆ ಕೂಲಿಗಾಗಿ, ಸುಮ್ನೆ ದೇಶಸೇವೆ ಅಂತ ಹೇಳಿಕೊಳ್ಳಬಾರದು. ದಂಗೆಯ ಮೇಲೆ ಯುರೋಪಿನ ಕೆಲವು ಬ್ರ್ಯಾಂಡ್‌ಗಳು ಆರ್ಡರ್ ನಿಲ್ಲಿಸಿದವು. ಎಚ್ ಅಂಡ್ ಎಂ 2023ರಲ್ಲಿ ಹಂತ ಹಂತವಾಗಿ ಬಿಡುತ್ತೇವೆ ಅಂತ ಹೇಳಿತು. ಬ್ರ್ಯಾಂಡ್‌ಗಳು ಹೊರಡಲಿ ಅಂತ ಕೆಲವು ಕಾರ್ಮಿಕ ಮುಖಂಡರೇ ಕೇಳಿದರು, ಹೋದರೆ ನಾವು ಏನು ತಿನ್ನೋದು ಅಂತ ಮೆಷಿನ್ ಮುಂದೆ ಕೂತ ಹುಡುಗಿಯರು ಕೇಳಿದರು. ಇಬ್ಬರಿಗೂ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಆಗಲೇ ವಿಮಾನ ಹತ್ತಿದ್ದೆ.

ವಾಪಸ್ ಬಂದು ಮನೆ ಮಾಡಿದ್ದು ಜಾಲಹಳ್ಳಿಯಲ್ಲಿ. ನಮ್ಮ ಬೀದಿಯಲ್ಲಿ ಅರ್ಧ ಜನ ಬಿಇಎಲ್‌ನಿಂದ (ಸೇನೆಗೆ ಸಲಕರಣೆ ಮಾಡುವ ನಮ್ಮ ಸರ್ಕಾರಿ ಕಂಪನಿ) ರಿಟೈರ್ ಆದವರು, ಒಳ್ಳೆಯವರು, ಸಂಕ್ರಾಂತಿಗೆ ಎಳ್ಳು ಬೀರೋಕೆ ತಪ್ಪದೆ ಬರುತ್ತಾರೆ. 2023ರಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್ ಒಂದು ವರದಿ ಕೊಟ್ಟರು. ದಂಗೆಯ ಮೇಲೂ ಮ್ಯಾನ್ಮಾರ್ ಸೇನೆಗೆ ಆಯುಧ, ಸಲಕರಣೆ ಎಲ್ಲಿಂದ ಬಂತು ಅಂತ. ರಷ್ಯಾ, ಚೀನಾ, ಸಿಂಗಪುರ, ಅವರ ಹಿಂದೆ ಭಾರತ, 5.1 ಕೋಟಿ ಡಾಲರ್. ಆ ಪಟ್ಟಿಯಲ್ಲಿ ಬಿಇಎಲ್ ಹೆಸರೂ ಇತ್ತು. ಇಲ್ಲಿ ಕೂತು ನಾರ್ವೆಗೆ ಒಂದೇ ಸ್ಟಾರ್ ಕೊಡುತ್ತಿರುವ ನಾನು ದಿನಾ ಬೆಳಗ್ಗೆ ಬಿಇಎಲ್ ಸರ್ಕಲ್‌ನ ಸಿಗ್ನಲ್‌ನಲ್ಲಿ ಹತ್ತು ನಿಮಿಷ ನಿಂತಿರುತ್ತೇನೆ.

ಈಗ ಯಾಂಗೂನ್‌ಗೆ ಕೆಲಸಕ್ಕೆ ಅಂತ ಹೋಗುವವರು ನನ್ನನ್ನು ಕೇಳುತ್ತಾರೆ, ಯಾವ ಸಿಮ್ ತಗೊಳ್ಳೋದು ಅಂತ. ಮೈಟೆಲ್ ಬೇಡ, ಅದರಲ್ಲಿ ಸೇನೆಯ ಪಾಲು ನೇರವಾಗಿಯೇ ಇದೆ, ದಂಗೆಯ ವಾರದಲ್ಲಿ ಜನ ಆ ಸಿಮ್‌ಗಳನ್ನು ಮುರಿದು ಎಸೆದಿದ್ದನ್ನು ನಾನೇ ನೋಡಿದ್ದೇನೆ. ಎಂಪಿಟಿ ಸರ್ಕಾರದ್ದು. ಊರಿಡೂ ಕೂಡ ಮಾರಿಕೊಂಡು ಹೋಯಿತು. ಆಟಮ್ ಕಥೆ ಮೇಲೆ ಓದಿದಿರಿ. ಯಾವುದನ್ನಾದರೂ ತಗೊಳ್ಳಿ, ಫೋನಲ್ಲಿ ಕಾಂಟ್ಯಾಕ್ಟ್ಸ್ ಜಾಸ್ತಿ ಇಟ್ಟುಕೊಳ್ಳಬೇಡಿ. ಚೆಕ್‌ಪೋಸ್ಟ್‌ನಲ್ಲಿ ಫೋನ್ ಕೇಳುತ್ತಾರೆ. ಅಲ್ಲಿನ ಸಹೋದ್ಯೋಗಿಗಳ ಹೆಸರನ್ನು ಪೂರ್ತಿ ಸೇವ್ ಮಾಡಬೇಡಿ.

ನನ್ನ ಹಳೇ ಫೋನಲ್ಲಿ ಅಮನ ನಂಬರ್ ಈಗಲೂ ಇದೆ, 097ರಿಂದ ಶುರುವಾಗುವ ಟೆಲಿನಾರ್ ನಂಬರ್. ಮಾರಾಟದ ಸುದ್ದಿ ಬಂದ ತಿಂಗಳೇ ಅವರು ಆ ಸಿಮ್ ತೆಗೆದರು. ಅದಾದ ಮೇಲೆ ಮೂರು ನಂಬರ್ ಬದಲಾಗಿವೆ, ಎರಡು ಮೂರು ತಿಂಗಳಿಗೊಮ್ಮೆ ಗೊತ್ತಿಲ್ಲದ ನಂಬರಿಂದ 'ಸಯಾ, ಊಟ ಆಯ್ತಾ' ಅಂತ ಮೆಸೇಜ್ ಬರುತ್ತದೆ, ಅವರಿಗೆ ಬರುವ ಕನ್ನಡ ಅಷ್ಟೇ, ನಾನೇ ಕಲಿಸಿದ್ದು. ಆಯ್ತು ಅಂತ ಹಾಕುತ್ತೇನೆ. ತಾಯಿಗೆ ಫೋನ್ ಮಾಡ್ತೀರಾ ಅಂತ ಒಂದು ಸಲ ಬರ್ಮೀಸ್‌ನಲ್ಲೇ ಕೇಳಿದೆ. ಈಗ ಆರು ಗಂಟೆಗೆ ಮಾಡಲ್ಲ, ದಿನಾ ಬೇರೆ ಬೇರೆ ಹೊತ್ತಿಗೆ, ಪಕ್ಕದ ಮನೆಯವರ ಫೋನಿಂದ ಅಂದರು.